ದೂರದಿಂದ ತೂಬು ತೆರೆಯುವ ಕೈ

ಕಾಲುವೆಯ ನೀರನ್ನು ನಂಬಿದ ಊರಿನಲ್ಲಿ ಗೇಟಿನ ಕೀಲಿ ಯಾರ ಕೈಯಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಸುರಪುರ, ಶಹಾಪುರದ ಸೀಮೆಯಲ್ಲಿ ಬಹುಕಾಲ ಆ ಕೀಲಿ ಇದ್ದದ್ದು ಗ್ಯಾಂಗ್‌ಮನ್‌ನ ಸೊಂಟದಲ್ಲಿ. ಸೈಕಲ್ಲಿನ ಮೇಲೋ ಕಾಲ್ನಡಿಗೆಯಲ್ಲೋ ಕಾಲುವೆಯ ಏರಿಗುಂಟ ಬಂದು, ಗಾಲಿ ತಿರುವಿ ಆತ ಗೇಟು ಎತ್ತಿದರೆ ಹೊಲಕ್ಕೆ ನೀರು, ಇಳಿಸಿದರೆ ಇಲ್ಲ. ಇಂದು ಅದೇ ಗೇಟನ್ನು ಹತ್ತಾರು ಕಿಲೋಮೀಟರ್ ದೂರದ ಕೋಣೆಯೊಂದರಲ್ಲಿ ಕುಳಿತ ಎಂಜಿನಿಯರ್ ಕಂಪ್ಯೂಟರಿನ ಪರದೆ ನೋಡುತ್ತಲೇ ಏರಿಸಬಲ್ಲರು, ಇಳಿಸಬಲ್ಲರು. ನಾರಾಯಣಪುರ ಎಡದಂಡೆ ಕಾಲುವೆಯ ಈ ವ್ಯವಸ್ಥೆಗೆ ‘ಸ್ಕಾಡಾ’ ಎಂದು ಹೆಸರು. ‘ಸೂಪರ್‌ವೈಸರಿ ಕಂಟ್ರೋಲ್ ಅಂಡ್ ಡೇಟಾ ಅಕ್ವಿಸಿಷನ್’ ಎಂಬ ಉದ್ದನೆಯ ಇಂಗ್ಲಿಷ್ ಪದಪುಂಜದ ಮೊದಲಕ್ಷರಗಳು ಇವು. ದೂರದಿಂದಲೇ ಉಸ್ತುವಾರಿ ಮಾಡುವುದು, ಅಲ್ಲಿನ ಅಂಕಿ ಅಂಶಗಳನ್ನು ಇಲ್ಲಿಗೆ ತರಿಸಿಕೊಳ್ಳುವುದು ಎಂದು ಅದರ ಅರ್ಥ.

ಇದು ಏಕಾಏಕಿ ಬಂದದ್ದಲ್ಲ. ಒಂದೆಡೆ ಕೂತು ಇನ್ನೊಂದೆಡೆಯ ಕೆಲಸ ನಡೆಸಬೇಕೆಂಬ ಮನುಷ್ಯನ ಹಂಬಲಕ್ಕೆ ದೀರ್ಘ ಇತಿಹಾಸವಿದೆ. ಆ ಇತಿಹಾಸದ ಕೆಲವು ಹೆಜ್ಜೆಗಳು ಇದೇ ನೆಲದಲ್ಲಿ ಮೂಡಿವೆ.

ಟಪಾಲಿನಿಂದ ಕೈಕಂಬಕ್ಕೆ

1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದಾಗ ಈ ನಾಯಕ ಸಂಸ್ಥಾನದ ಹಗ್ಗದ ಒಂದು ತುದಿ ಹೈದರಾಬಾದಿನಲ್ಲಿತ್ತು. ಅಲ್ಲಿನ ಬ್ರಿಟಿಷ್ ರೆಸಿಡೆಂಟರ ಅಪ್ಪಣೆ ನೂರು ಮೈಲಿಗೂ ಮೀರಿದ ದಾರಿ ಕ್ರಮಿಸಿ ಬರಬೇಕು. ಇಲ್ಲಿನ ವರದಿ ಅಷ್ಟೇ ದೂರ ಹೋಗಬೇಕು. ಅಪ್ಪಣೆ ಬರುವ ಹೊತ್ತಿಗೆ ಪರಿಸ್ಥಿತಿಯೇ ಬದಲಾಗಿರುವ ಸಾಧ್ಯತೆ ಇದ್ದೇ ಇತ್ತು. ಆದುದರಿಂದ ದೂರದ ಆಡಳಿತವೆಂದರೆ ಸ್ಥಳದಲ್ಲಿರುವ ಒಬ್ಬ ವ್ಯಕ್ತಿಯನ್ನು ನಂಬುವುದು ಎಂದೇ ಅರ್ಥವಾಗಿತ್ತು. ಟೇಲರ್ 1853ರವರೆಗೆ ಇಲ್ಲಿದ್ದು ರಸ್ತೆ, ಕೆರೆಗಳ ಕೆಲಸ ಮಾಡಿಸಿದ. ನಾಯಕ ಅರಸರ ಕಾಲದ ಬೋನಾಳ ಕೆರೆಯ ಜೀರ್ಣೋದ್ಧಾರದೊಂದಿಗೂ ಅವನ ಹೆಸರು ಸೇರಿಕೊಂಡಿದೆ. ಅವನು ಕಟ್ಟಿಸಿದ ‘ಟೇಲರ್ ಮಂಜಿಲ್’ ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿದೆ. ಕೆರೆಯ ತೂಬು ಮಾತ್ರ ಯಾವ ರೆಸಿಡೆಂಟರ ಕೈಗೂ ಎಟುಕುವಂಥದಾಗಿರಲಿಲ್ಲ. ಅದನ್ನು ತೆಗೆಯಲು ಊರಿನವನೇ ನೀರಿಗಿಳಿಯಬೇಕಿತ್ತು.

ರಾಜಾ ವೆಂಕಟಪ್ಪ ನಾಯಕರ ಬಂಡಾಯ 1858ರಲ್ಲಿ ಅಡಗಿದ ಮೇಲೆ, 1860ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮನಿಗೆ ಒಪ್ಪಿಸಿದರು. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ಯಾದಗಿರಿಯನ್ನು ಹಾಯ್ದು ರಾಯಚೂರು ತಲುಪಿ, ಮದರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ರೈಲಿನ ಜೊತೆಗೆ ಈ ಸೀಮೆಗೆ ತಂತಿಯೂ ಬಂತು, ಕಾಲಕ್ರಮದಲ್ಲಿ ಕೈಕಂಬವೂ ಬಂತು. ಕ್ಯಾಬಿನ್ನಿನಲ್ಲಿ ನಿಂತವನು ಸನ್ನೆಗೋಲು ಎಳೆದರೆ ದೂರದ ಕಂಬದ ಮೇಲಿನ ಕೈ ಕೆಳಗಿಳಿಯುತ್ತದೆ. ನಡುವೆ ಇರುವುದು ರಾಟೆಗಳ ಮೇಲೆ ಹರಿದ ಒಂದು ಉಕ್ಕಿನ ತಂತಿ ಅಷ್ಟೇ. ದೂರದ ಯಂತ್ರವನ್ನು ಕುಳಿತಲ್ಲಿಂದಲೇ ಆಡಿಸುವ ಈ ವಿದ್ಯೆಯಲ್ಲಿ ಒಂದು ಮುಖ್ಯವಾದ ಪಾಠವಿತ್ತು. ಸನ್ನೆಗೋಲು ಎಳೆದರೆ ಸಾಲದು, ಕೈ ನಿಜವಾಗಿಯೂ ಇಳಿಯಿತೇ ಎಂಬುದು ಎಳೆದವನಿಗೆ ತಿಳಿಯಬೇಕು. ಅಪ್ಪಣೆ ಹೋಗುವ ದಾರಿಯಷ್ಟೇ ಮುಖ್ಯವಾದದ್ದು ಉತ್ತರ ಬರುವ ದಾರಿ. ಇಂದಿನ ಕಂಪ್ಯೂಟರುಗಳ ದೂರ ನಿಯಂತ್ರಣವೂ ಇದೇ ತತ್ತ್ವದ ಮೇಲೆ ನಿಂತಿದೆ.

ಕೃಷ್ಣೆ ಕಾಲುವೆಗೆ ಬಂದದ್ದು

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಕೆಳಗಿನ ನಾರಾಯಣಪುರದ ಅಣೆಕಟ್ಟು, ಅಂದರೆ ಬಸವಸಾಗರ, 1982ರಲ್ಲಿ ಪೂರ್ಣಗೊಂಡಿತು. ಸುಮಾರು 33 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯದ ಎಡಮಗ್ಗುಲಿನಿಂದ 78 ಕಿಲೋಮೀಟರ್ ಉದ್ದದ ಮುಖ್ಯ ಕಾಲುವೆ ಹೊರಡುತ್ತದೆ. ಹುಣಸಗಿ, ಶಹಾಪುರ, ಮೂಡಬೂಳ, ಜೇವರ್ಗಿ, ಇಂಡಿ ಎಂದು ಶಾಖಾ ಕಾಲುವೆಗಳು. ಅವುಗಳಿಂದ ವಿತರಣಾ ಕಾಲುವೆಗಳು, ಅವುಗಳಿಂದ ಲ್ಯಾಟರಲ್ಲುಗಳು, ಕೊನೆಗೆ ಹೊಲಗಾಲುವೆ. ಮರವೊಂದನ್ನು ಅಡ್ಡ ಮಲಗಿಸಿದಂತೆ ಈ ಜಾಲ ಹರಡಿದೆ. 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮ ಇದರ ಒಡೆತನ ವಹಿಸಿಕೊಂಡಿತು. ಶಹಾಪುರದ ಸನಿಹದ ಭೀಮರಾಯನಗುಡಿ ನೀರಾವರಿ ಕಚೇರಿಗಳ ಊರೇ ಆಯಿತು.

ಆದರೆ ಮರದ ಬುಡಕ್ಕೆ ಎರೆದ ನೀರು ಪ್ರತಿ ಎಲೆಯನ್ನೂ ಮುಟ್ಟುವಂತೆ ಕಾಲುವೆಯಲ್ಲಿ ಆಗಲಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆಯ ಮೇಲ್ಭಾಗದಲ್ಲಿ ಬೇರೂರಿದ್ದು ಭತ್ತ. ಆಂಧ್ರದ ಕಡೆಯಿಂದ ಬಂದ ರೈತರ ಕ್ಯಾಂಪುಗಳಲ್ಲಿ ಮೊದಲು ಕಂಡ ಗದ್ದೆಗಳು ಕ್ರಮೇಣ ಸ್ಥಳೀಯರ ಹೊಲಗಳಿಗೂ ಹಬ್ಬಿದವು. ಮೇಲಿನವರ ಗದ್ದೆ ತುಂಬಿ ತುಳುಕುವಾಗ ಕೊನೆಯಂಚಿನ ರೈತ ಬತ್ತಿದ ಹೊಲಗಾಲುವೆ ನೋಡುತ್ತ ನಿಲ್ಲಬೇಕಾಯಿತು. ಗೇಟಿನ ಬೀಗ ಮುರಿಯುವುದು, ರಾತ್ರೋರಾತ್ರಿ ಪಂಪ್‌ಸೆಟ್ ಇಳಿಸುವುದು, ಏರಿ ಕೊರೆಯುವುದು ಇವೆಲ್ಲ ಕಾಲುವೆ ಸೀಮೆಯ ನಿತ್ಯದ ಕಥೆಯಾದವು. ನೀರಾವರಿ ಸಲಹಾ ಸಮಿತಿ ಸೇರಿ ‘ಚಾಲೂ-ಬಂದ್’ ಪದ್ಧತಿ ಗೊತ್ತುಮಾಡುತ್ತದೆ. ಇಂತಿಷ್ಟು ದಿನ ನೀರು, ಇಂತಿಷ್ಟು ದಿನ ಬಂದ್. ಕಾಗದದ ಮೇಲಿನ ಆ ನಿರ್ಣಯ ಕೊನೆಯಂಚಿನ ಹೊಲದವರೆಗೆ ನಡೆದು ಬರುವಷ್ಟರಲ್ಲಿ ಸೊರಗಿ ಹೋಗುತ್ತಿತ್ತು.

ಇದರಲ್ಲಿ ಮನುಷ್ಯರ ಆಸೆಯ ಜೊತೆಗೆ ಗಣಿತದ ತೊಡಕೂ ಇತ್ತು. ನೀರು ಸೆಕೆಂಡಿಗೆ ಒಂದು ಮೀಟರಿನಂತೆ ಹರಿದರೂ 78 ಕಿಲೋಮೀಟರ್ ದಾಟಲು 21 ಗಂಟೆಗೂ ಹೆಚ್ಚು ಹೊತ್ತು ಬೇಕು. ಇವತ್ತು ಬೆಳಿಗ್ಗೆ ಅಣೆಕಟ್ಟಿನಲ್ಲಿ ಮಾಡಿದ ತಪ್ಪು ಮುಖ್ಯ ಕಾಲುವೆಯ ಕೊನೆಯಲ್ಲಿ ಕಾಣಿಸುವುದು ನಾಳೆ. ಅಷ್ಟರೊಳಗೆ ನಡುವಿನ ಯಾವ ಗೇಟನ್ನು ಯಾರು ಎಷ್ಟು ಎತ್ತಿದರು ಎಂಬುದು ಫೋನಿನಲ್ಲಿ ಕೇಳಿ ತಿಳಿಯಬೇಕು, ಹೇಳಿದ್ದನ್ನು ನಂಬಬೇಕು. ಟೇಲರ್ ಸಾಹೇಬನ ಕಾಲದ ಸಮಸ್ಯೆಯೇ ಇಲ್ಲಿ ಬೇರೆ ವೇಷದಲ್ಲಿ ಉಳಿದುಕೊಂಡಿತ್ತು.

ಎರಡು ಅಕ್ಷರಗಳ ಆರಂಭ

ಈ ನಡುವೆ ಪ್ರಪಂಚದ ಇನ್ನೊಂದು ಮೂಲೆಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಕುಳಿತ ವಿದ್ಯಾರ್ಥಿಯೊಬ್ಬ, ಐನೂರು ಕಿಲೋಮೀಟರಿಗೂ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿನೊಳಕ್ಕೆ ಪ್ರವೇಶ ಪಡೆಯಲು ‘ಲಾಗಿನ್’ ಎಂಬ ಇಂಗ್ಲಿಷ್ ಪದವನ್ನು ಒತ್ತತೊಡಗಿದ. ‘ಎಲ್’ ಮುಟ್ಟಿತು, ‘ಓ’ ಮುಟ್ಟಿತು. ಅಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ಇಂಟರ್‌ನೆಟ್ಟಿನ ಪೂರ್ವಜವಾದ ಆರ್ಪಾನೆಟ್ ಜಾಲದ ಮೊದಲ ಸಂದೇಶ ಅದೇ. ಜಾಲದ ಮೇಲೆ ಮನುಷ್ಯ ಮೊದಲು ಮಾಡಹೊರಟದ್ದು ಪತ್ರ ಬರೆಯುವುದನ್ನಲ್ಲ, ಚಿತ್ರ ನೋಡುವುದನ್ನಲ್ಲ. ದೂರದ ಕಂಪ್ಯೂಟರನ್ನು ತನ್ನದೆಂಬಂತೆ ನಡೆಸುವುದನ್ನು!

ಆ ಬಳಿಕ ದೂರದ ಯಂತ್ರಕ್ಕೆ ಅಕ್ಷರಗಳಲ್ಲಿ ಆಜ್ಞೆ ಕೊಡುವ ‘ಟೆಲ್ನೆಟ್’ ಬಂತು. ಅದರಲ್ಲಿ ಗುಪ್ತಪದವೂ ಬಯಲಾಗಿಯೇ ಹೋಗುತ್ತಿತ್ತು; ನಡುದಾರಿಯಲ್ಲಿ ಯಾರಾದರೂ ಓದಿಕೊಳ್ಳಬಹುದಿತ್ತು. ಹಾಗೆ ಗುಪ್ತಪದಗಳು ಕಳುವಾದ ಪ್ರಕರಣದ ಹಿನ್ನೆಲೆಯಲ್ಲಿಯೇ 1995ರಲ್ಲಿ ಫಿನ್ಲೆಂಡಿನ ಟಾಟು ಯುಲೊನೆನ್ ಸಂದೇಶವನ್ನು ಗೂಢಲಿಪಿಗೆ ತಿರುಗಿಸಿ ಕಳಿಸುವ ‘ಎಸ್‌ಎಸ್‌ಎಚ್’ ತಂತ್ರಾಂಶವನ್ನು ರಚಿಸಿದರು. ತೊಂಬತ್ತರ ದಶಕದ ಕೊನೆಗೆ ದೂರದ ಕಂಪ್ಯೂಟರಿನ ಪರದೆಯನ್ನೇ ಇಲ್ಲಿಗೆ ತಂದು ತೋರಿಸುವ ತಂತ್ರಾಂಶಗಳೂ ಬಂದವು. ಇಲ್ಲಿ ಮೌಸ್ ಆಡಿಸಿದರೆ ಅಲ್ಲಿನ ಬಾಣದ ಗುರುತು ಓಡುತ್ತದೆ.

ಇತ್ತ ಕಲ್ಯಾಣ ಕರ್ನಾಟಕದ ರೈತನಿಗೆ ಕಂಪ್ಯೂಟರಿನ ಮಹತ್ವ ತಿಳಿದದ್ದು ಪಹಣಿಯ ಮೂಲಕ. ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳಿಗೆ ಬಂದಾಗ, ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಏರಿದವು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಯಾರು, ಯಾವಾಗ, ಏನು ಮಾಡಿದರು ಎಂಬ ಗುರುತು ಯಂತ್ರದಲ್ಲಿ ಉಳಿಯಿತು. ದೂರದ ನಿಯಂತ್ರಣದಲ್ಲಿ ಜನಸಾಮಾನ್ಯರಿಗೆ ಲಾಭವಾಗುವುದು ಕೆಲಸದ ವೇಗದಿಂದ ಮಾತ್ರವಲ್ಲ, ಹೀಗೆ ಉಳಿಯುವ ಗುರುತಿನಿಂದಲೂ ಹೌದು.

ಗೇಟು ತಾನೇ ಮಾತನಾಡತೊಡಗಿತು

ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣದ ಕೆಲಸ ಕಳೆದ ದಶಕದಲ್ಲಿ ನಡೆಯಿತು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಇದನ್ನು ಉದ್ಘಾಟಿಸಿದರು. ಕಾಲುವೆ ಹೊರಬಲ್ಲ ನೀರು 10,000 ಕ್ಯುಸೆಕ್. ಅಂದರೆ ತುಂಬಿ ಹರಿದರೆ ಒಂದು ಟಿಎಂಸಿ ಅಡಿ ನೀರು 28 ಗಂಟೆಗಳಲ್ಲಿ ದಾಟಿಹೋಗುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಗ್ರಾಮಗಳ ನಾಲ್ಕೂವರೆ ಲಕ್ಷ ಹೆಕ್ಟೇರಿಗೆ ನೀರು, ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಪ್ರಯೋಜನ ಎಂಬುದು ಸರ್ಕಾರದ ಲೆಕ್ಕ. ಜಾಲದ ಮೇಲೆ ಅಳವಡಿಸಿದ ಸ್ವಯಂಚಾಲಿತ ಗೇಟುಗಳ ಸಂಖ್ಯೆ ನಾಲ್ಕು ಸಾವಿರವನ್ನು ಮೀರಿದೆ.

ಇವು ಕೆಲಸ ಮಾಡುವ ಬಗೆ ತಿಳಿಯಲು ಕಷ್ಟವೇನಿಲ್ಲ. ಗೇಟಿನ ಪಕ್ಕದ ಕಂಬದ ಮೇಲೆ ಸೌರಫಲಕ, ಕೆಳಗೆ ಬ್ಯಾಟರಿ, ಒಂದು ಮೋಟಾರು, ಒಂದು ಪುಟ್ಟ ಕಂಪ್ಯೂಟರು. ಗೇಟಿನ ಮೇಲೆ, ಕೆಳಗೆ ನೀರಿನ ಮಟ್ಟ ಎಷ್ಟು, ದಾಟಿದ ನೀರೆಷ್ಟು ಎಂಬುದನ್ನು ಅದು ಸತತವಾಗಿ ಅಳೆದು ನಿಸ್ತಂತು ಸಂಪರ್ಕದ ಮೂಲಕ ನಿಯಂತ್ರಣ ಕೋಣೆಗೆ ಕಳಿಸುತ್ತದೆ. ಪರದೆಯ ಮೇಲೆ ಇಡೀ ಕಾಲುವೆ ನಕ್ಷೆಯಾಗಿ ಮೂಡುತ್ತದೆ. ಅಲ್ಲಿಂದ ಹೊರಟ ಆಜ್ಞೆ ಕ್ಷಣಮಾತ್ರದಲ್ಲಿ ಗೇಟು ಮುಟ್ಟುತ್ತದೆ; ಗೇಟು ಎಷ್ಟು ಏರಿತು ಎಂಬ ಉತ್ತರವೂ ಕೂಡಲೇ ಬರುತ್ತದೆ.

ಆಜ್ಞೆಯೇನೋ ಕ್ಷಣದಲ್ಲಿ ಹೋಗುತ್ತದೆ, ಆದರೆ ನೀರು ತನ್ನ ಹಳೆಯ ನಡಿಗೆಯಲ್ಲೇ ಹೋಗುತ್ತದಷ್ಟೆ. ತಂತ್ರಾಂಶದ ಜಾಣತನ ಬೇಕಾಗುವುದು ಇಲ್ಲಿ. ಎರಡು ಗೇಟುಗಳ ನಡುವಿನ ಕಾಲುವೆಯನ್ನು ಒಂದು ಕೊಳವೆಂದು ಭಾವಿಸಿ, ಕೆಳಗಿನ ಬೇಡಿಕೆ ಹೆಚ್ಚಿದೊಡನೆ ಮೇಲಿನ ಗೇಟಿಗೆ, ಅದರ ಮೇಲಿನದಕ್ಕೆ ಹೀಗೆ ಸರಣಿಯಾಗಿ ತಿಳಿಸುತ್ತ ಕೊಳಗಳ ಮಟ್ಟ ಕದಲದಂತೆ ಅದು ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯದ ಒಣಸೀಮೆಯ ಕಾಲುವೆಗಳಿಗಾಗಿ ಅಲ್ಲಿನ ರುಬಿಕಾನ್ ಸಂಸ್ಥೆ ಮೆಲ್ಬರ್ನ್ ವಿಶ್ವವಿದ್ಯಾಲಯದ ಎಂಜಿನಿಯರುಗಳ ಜೊತೆಗೂಡಿ ಬೆಳೆಸಿದ ವಿದ್ಯೆ ಇದು. ಆ ಸಂಸ್ಥೆಯ ಗೇಟುಗಳೇ ಕೃಷ್ಣೆಯ ಕಾಲುವೆಗೂ ಬಂದಿವೆ.

ಕೀಲಿ ಯಾರ ಕೈಗೆ?

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ತಿಳಿಯುವಂತಿಲ್ಲ. ಕೀಲಿ ಗ್ಯಾಂಗ್‌ಮನ್‌ನ ಸೊಂಟದಿಂದ ಕಂಪ್ಯೂಟರಿನ ಗುಪ್ತಪದಕ್ಕೆ ಬಂದರೆ ಕಳ್ಳತನದ ರೀತಿಯೂ ಬದಲಾಗುತ್ತದೆ. ಇದೇ ಆಸ್ಟ್ರೇಲಿಯದ ಮರೂಚಿ ಎಂಬಲ್ಲಿ 2000ದಲ್ಲಿ ನಡೆದದ್ದು ಎಲ್ಲರಿಗೂ ಪಾಠ. ಅಲ್ಲಿನ ಚರಂಡಿ ನೀರಿನ ಪಂಪುಗಳಿಗೆ ದೂರ ನಿಯಂತ್ರಣ ಜೋಡಿಸಿದ ಗುತ್ತಿಗೆದಾರ ಸಂಸ್ಥೆಯ ಹಳೆಯ ನೌಕರನೊಬ್ಬ ಮುನಿಸಿನಿಂದ ಕಾರಿನಲ್ಲಿ ರೇಡಿಯೋ, ಕಂಪ್ಯೂಟರು ಇಟ್ಟುಕೊಂಡು ಪಂಪುಗಳಿಗೆ ಸುಳ್ಳು ಆಜ್ಞೆ ಕೊಟ್ಟ. ಸುಮಾರು ಎಂಟು ಲಕ್ಷ ಲೀಟರ್ ಹೊಲಸು ನೀರು ತೊರೆ, ಉದ್ಯಾನಗಳಿಗೆ ಹರಿಯಿತು. ಆತನಿಗೆ ಸೆರೆವಾಸವಾಯಿತು. ಬೀಗ ಮುರಿದ ಸದ್ದು ಮಾತ್ರ ಯಾರಿಗೂ ಕೇಳಿಸಿರಲಿಲ್ಲ.

ಎರಡನೆಯ ಮಾತು ಇನ್ನೂ ಸರಳವಾದದ್ದು. ಯಂತ್ರ ಅಳೆಯುವುದು ಗೇಟಿನ ಬಳಿಯ ನೀರನ್ನು. ಗೇಟು ದಾಟಿದ ಮೇಲೆ ಪಂಪ್‌ಸೆಟ್ಟು ಹೀರಿದ ನೀರನ್ನು, ಒಡೆದ ಹೊಲಗಾಲುವೆಯಲ್ಲಿ ಇಂಗಿದ ನೀರನ್ನು ಪರದೆ ತಾನಾಗಿ ತೋರಿಸಲಾರದು. ಫಲಕದ ಮೇಲೆ ಧೂಳು ಕೂತರೆ, ಬ್ಯಾಟರಿ ಸತ್ತರೆ, ಮುಳ್ಳುಕಂಟಿ ಸಿಕ್ಕಿ ಗೇಟು ಜಾಮಾದರೆ ಏರಿಯ ಮೇಲೆ ನಡೆದು ಹೋಗಬೇಕಾದವನು ಮತ್ತೆ ಅದೇ ಗ್ಯಾಂಗ್‌ಮನ್. ಅವನನ್ನು ಬಿಟ್ಟು ಕಾಲುವೆ ನಡೆಸುತ್ತೇವೆಂಬ ಭ್ರಮೆ ಸಲ್ಲದು. ಹಾಗೆಯೇ, ಮೇಲ್ಭಾಗದಲ್ಲಿ ಎಷ್ಟು ಎಕರೆ ಭತ್ತ ಇರಬೇಕು ಎಂಬುದನ್ನು ಯಾವ ತಂತ್ರಾಂಶವೂ ತೀರ್ಮಾನಿಸಲಾರದು. ಅದು ಜನರೂ ಅವರ ಪ್ರತಿನಿಧಿಗಳೂ ಎದುರುಬದುರು ಕೂತು ಬಗೆಹರಿಸಬೇಕಾದ ಮಾತು.

ಆದರೂ ಒಂದು ವ್ಯತ್ಯಾಸ ನಿಜವಾಗಿಯೂ ಆಗಿದೆ. ಹಿಂದೆ ಕೊನೆಯಂಚಿನ ರೈತ ‘ನೀರು ಬರಲಿಲ್ಲ’ ಎಂದರೆ, ಮೇಲಿನವರು ‘ಬಿಟ್ಟಿದ್ದೇವೆ’ ಎನ್ನುತ್ತಿದ್ದರು. ನಡುವೆ ಸಾಕ್ಷಿ ಇರಲಿಲ್ಲ. ಈಗ ಪ್ರತಿ ಗೇಟಿನ ಏರಿಳಿತದ ಲೆಕ್ಕ ಯಂತ್ರದಲ್ಲಿ ಉಳಿಯುತ್ತದೆ. ಆ ಲೆಕ್ಕ ನಿಯಂತ್ರಣ ಕೋಣೆಯೊಳಗೇ ಉಳಿದರೆ ಕೀಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತಷ್ಟೇ. ಗ್ರಾಮ ಪಂಚಾಯಿತಿಯ ಗೋಡೆಗೆ, ನೀರು ಬಳಕೆದಾರರ ಸಂಘದ ಸಭೆಗೆ, ರೈತನ ಮೊಬೈಲಿಗೆ ಅದು ಬಂದರೆ ಮಾತ್ರ ಇಷ್ಟು ಕೋಟಿ ಸುರಿದದ್ದಕ್ಕೆ ಅರ್ಥ ಬಂದೀತು.

ಉದ್ಘಾಟನೆ ನಡೆದ ಕೊಡೇಕಲ್ಲು, ಮುಂದಾಗುವುದನ್ನು ನುಡಿದನೆಂದು ಜನ ನಂಬುವ ಕಾಲಜ್ಞಾನಿ ಬಸವಣ್ಣನ ಊರು. ಕಾಲುವೆಯ ಮುಂದಿನ ಕಾಲ ತಿಳಿಯಲು ಅಂಥ ಜ್ಞಾನವೇನೂ ಬೇಕಿಲ್ಲ. ನೀರು ಬಿಟ್ಟ ಮರುದಿನವೋ ಅದರ ಮರುದಿನವೋ ಕೊನೆಯಂಚಿನ ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಂತು ನೋಡಿದರೆ ಸಾಕು. ಪರದೆಯ ಮೇಲಿನ ಲೆಕ್ಕ ನಿಜವೋ ಸುಳ್ಳೋ ಎಂಬುದನ್ನು ಅಲ್ಲಿನ ಮಣ್ಣೇ ಹೇಳುತ್ತದೆ.