ಇಂಪ್ಯಾಕ್ಟ್: ಸೀಸದ ಮೊಳೆಯಿಂದ ಮೀಮ್‌ವರೆಗೆ

ಒಂದು ಬೆಕ್ಕಿನ ಫೋಟೋ. ಮೇಲೊಂದು ಸಾಲು, ಕೆಳಗೊಂದು ಸಾಲು. ಬಿಳಿಯ ದಪ್ಪ ಇಂಗ್ಲಿಷ್ ಅಕ್ಷರಗಳು, ಸುತ್ತ ಕಪ್ಪು ಅಂಚು. ಇಂಟರ್‌ನೆಟ್ ಬಳಸುವ ಬಹುತೇಕರು ಈ ಅಕ್ಷರವನ್ನು ಕಂಡಿರುತ್ತಾರೆ. ಅದರ ಹೆಸರು ಇಂಪ್ಯಾಕ್ಟ್. ಆದರೆ ಅದು ಕಂಪ್ಯೂಟರಿಗೆಂದು ಹುಟ್ಟಿದ್ದಲ್ಲ. ಜೆಫ್ರಿ ಲೀ ಎಂಬ ಇಂಗ್ಲಿಷ್ ವಿನ್ಯಾಸಕಾರ ರೂಪಿಸಿದ ಈ ಅಕ್ಷರವನ್ನು 1965ರಲ್ಲಿ ಶೆಫೀಲ್ಡ್‌ನ ಸ್ಟೀಫನ್‌ಸನ್ ಬ್ಲೇಕ್ ಕಂಪನಿ ಸೀಸದ ಅಚ್ಚುಮೊಳೆಗಳಾಗಿ ಎರಕ ಹೊಯ್ದು ಮಾರಿತು.

ಈ ಕಂಪನಿಗೂ ಇಂಥ ಅಕ್ಷರಗಳಿಗೂ ಹಳೆಯ ನಂಟಿದೆ. ರೋಮನ್ ಅಕ್ಷರಗಳ ಗೆರೆ ಮುಗಿಯುವಲ್ಲಿ ಚಾಚಿಕೊಂಡಿರುವ ಪುಟ್ಟ ಪಾದಗಳಿಗೆ ಸೆರಿಫ್ ಎನ್ನುತ್ತಾರೆ. ಅವಿಲ್ಲದ ಅಕ್ಷರವೇ ಸಾನ್ಸ್ ಸೆರಿಫ್. ಅಂಥ ಮೊದಲ ಅಚ್ಚುಮೊಳೆಯನ್ನು ಸುಮಾರು 1816ರಲ್ಲಿ ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿದವನು ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್. ಅದರಲ್ಲಿ ಇದ್ದದ್ದು ದೊಡ್ಡಕ್ಷರಗಳು ಮಾತ್ರ. 1819ರಲ್ಲಿ ಅವನ ಎರಕದ ಮನೆಯನ್ನು ಕೊಂಡವರು ಶೆಫೀಲ್ಡ್‌ನವರು. ಮುಂದೆ ಸ್ಟೀಫನ್‌ಸನ್ ಬ್ಲೇಕ್ ಆದದ್ದು ಅದೇ ಸಂಸ್ಥೆ. ಸಾನ್ಸ್ ಸೆರಿಫ್‌ನ ಮೊದಲ ಪುಟವೂ ಇಂಪ್ಯಾಕ್ಟ್‌ನ ಪುಟವೂ ಹೀಗೆ ಒಂದೇ ವಂಶಾವಳಿಗೆ ಸೇರುತ್ತವೆ.

ಈ ಎರಡರ ನಡುವಿನ ಒಂದೂವರೆ ಶತಮಾನದಲ್ಲಿ ಜಾಹೀರಾತು ಬೆಳೆಯಿತು. ಗೋಡೆಯ ಪೋಸ್ಟರು ದಾರಿಹೋಕನ ಕಣ್ಣು ಹಿಡಿಯಬೇಕಿತ್ತು. ಅಕ್ಷರಗಳು ದಪ್ಪವಾದವು, ಕಿರಿದಾದವು. 1954ರಲ್ಲಿ ಸ್ವಿಸ್ ವಿನ್ಯಾಸಕಾರ ವಾಲ್ಟರ್ ಹೆಟ್ಟೆನ್‌ಶ್ವೈಲರ್ ಬರೆದ ಶ್ಮಾಲ್‌ಫೆಟ್ಟೆ ಗ್ರೊಟೆಸ್ಕ್ ಎಂಬ ಒತ್ತೊತ್ತಾದ ಅಕ್ಷರ ಯುರೋಪಿನ ಪತ್ರಿಕೆಗಳ ತಲೆಬರಹಗಳಲ್ಲಿ ಮೆರೆಯಿತು. ಲೀ ಕೆಲಸ ಮಾಡುತ್ತಿದ್ದದ್ದು ಇಂಥ ಬೇಡಿಕೆಯಿದ್ದ ಜಾಹೀರಾತು ಲೋಕದಲ್ಲೇ.

ಅವರ ಲೆಕ್ಕಾಚಾರ ಸರಳ: ಕೊಟ್ಟ ಜಾಗದಲ್ಲಿ ಆದಷ್ಟು ಹೆಚ್ಚು ಮಸಿ ಕಾಗದಕ್ಕಿಳಿಯಬೇಕು. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೆಲವಕ್ಕೆ ಮೇಲೆ ಕೊಂಬು, ಕೆಲವಕ್ಕೆ ಕೆಳಗೆ ಬಾಲ. ಲೀ ಇವೆರಡನ್ನೂ ಮೊಟಕುಗೊಳಿಸಿ ನಡುವಿನ ಒಡಲನ್ನು ಎತ್ತರಿಸಿದರು. ದುಂಡಗಿನ ಅಕ್ಷರಗಳ ಮಗ್ಗುಲನ್ನು ನೇರ ಮಾಡಿದರು. ಒಳಗಿನ ಖಾಲಿ ಜಾಗ ಸೀಳುಗಂಡಿಯಷ್ಟಾಯಿತು. ಸಾಲಿನ ಮೇಲೆ ಸಾಲು ಇಟ್ಟರೆ ಇಟ್ಟಿಗೆ ಗೋಡೆಯ ಹಾಗೆ ಒತ್ತಾಗಿ ಕೂರುತ್ತಿತ್ತು. ವಿನ್ಯಾಸದ ಜಾಣ್ಮೆಯೆಲ್ಲ ಇದ್ದದ್ದು ಸಣ್ಣಕ್ಷರಗಳಲ್ಲಿ ಎಂಬುದನ್ನು ನೆನಪಿಡಬೇಕು.

ಸೀಸದ ಕಾಲದಲ್ಲಿ ಈ ಅಬ್ಬರಕ್ಕೆ ಬೆಲೆಯಿತ್ತು. ಪ್ರತಿಯೊಂದು ಅಳತೆಗೂ ಬೇರೆ ಮೊಳೆಗಳ ಸೆಟ್ ಕೊಳ್ಳಬೇಕು, ಇಡಲು ಜಾಗ ಬೇಕು, ಜೋಡಿಸಲು ಕೈ ಬೇಕು. ಮುದ್ರಣಾಲಯದ ದಪ್ಪ ಮೊಳೆಗಳು ತಲೆಬರಹಕ್ಕೆ ಮೀಸಲಾಗಿದ್ದವು. ಕೂಗು ಅಪರೂಪವಾಗಿದ್ದರಿಂದಲೇ ಅದು ಕೇಳುತ್ತಿತ್ತು. ಆದರೆ ಇಂಪ್ಯಾಕ್ಟ್ ಬರುವ ಹೊತ್ತಿಗೆ ಆ ಉದ್ಯಮವೇ ಇಳಿಮುಖವಾಗಿತ್ತು. ಸ್ಟೀಫನ್‌ಸನ್ ಬ್ಲೇಕ್ ಸೀಸದಲ್ಲಿ ಹೊರತಂದ ಕೊನೆಕೊನೆಯ ವಿನ್ಯಾಸಗಳಲ್ಲಿ ಇದೂ ಒಂದು.

1996ರಲ್ಲಿ ಮೈಕ್ರೋಸಾಫ್ಟ್ ವೆಬ್ ಬಳಕೆಗಾಗಿ ಕೆಲವು ಫಾಂಟುಗಳನ್ನು ಉಚಿತವಾಗಿ ಬಿಟ್ಟಿತು. ಏರಿಯಲ್, ವರ್ಡಾನಾ, ಜಾರ್ಜಿಯಾಗಳ ಜೊತೆ ಇಂಪ್ಯಾಕ್ಟ್ ಕೂಡ ಇತ್ತು. ಬಹುಪಾಲು ಕಂಪ್ಯೂಟರುಗಳಲ್ಲಿ ಸಿಗುವ ಬೆರಳೆಣಿಕೆಯ ಫಾಂಟುಗಳಲ್ಲಿ ತಲೆಬರಹಕ್ಕೆಂದೇ ಮಾಡಿದ್ದು ವಿರಳ. 2000ದ ದಶಕದಲ್ಲಿ ಚಿತ್ರದ ಮೇಲೆ ತಮಾಷೆ ಬರೆಯುವವರ ಕೈಗೆ ಅದು ಸಿಕ್ಕಿತು.

ಇದು ಕೇವಲ ಆಕಸ್ಮಿಕವೇ? ಅಲ್ಲ. ಫೋಟೋದ ಹಿನ್ನೆಲೆ ಎಲ್ಲಿ ಬೆಳಕೋ ಎಲ್ಲಿ ಕತ್ತಲೋ ಹೇಳಲಾಗದು. ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕಟ್ಟಿದರೆ ಎರಡರ ಮೇಲೂ ಓದಬಹುದು. ತೆಳು ಅಕ್ಷರಕ್ಕೆ ಅಂಚು ಕಟ್ಟಿದರೆ ಅಂಚೇ ಅಕ್ಷರವನ್ನು ನುಂಗುತ್ತದೆ. ಇಂಪ್ಯಾಕ್ಟ್‌ನ ಮೈ ಅದನ್ನು ತಾಳಿಕೊಳ್ಳುತ್ತದೆ. ಆದರೆ ಮೀಮ್ ಬರೆದವರು ಬಳಸಿದ್ದು ಹೆಚ್ಚಾಗಿ ದೊಡ್ಡಕ್ಷರಗಳನ್ನೇ. ದೊಡ್ಡಕ್ಷರಗಳಲ್ಲಿ ಮೊಟಕುಗೊಳಿಸಲು ಕೊಂಬೂ ಇಲ್ಲ, ಬಾಲವೂ ಇಲ್ಲ. ಲೀ ಅವರ ಮುಖ್ಯ ಕೆಲಸ ಅಲ್ಲಿ ಪ್ರಯೋಜನಕ್ಕೆ ಬರಲೇ ಇಲ್ಲ. ಅವರ ಅಕ್ಷರ ಲೋಕಪ್ರಸಿದ್ಧವಾದದ್ದು ಕ್ಯಾಸ್ಲನ್‌ನ ಹಳೆಯ ರೂಪಕ್ಕೆ, ಅಂದರೆ ಬರಿಯ ದೊಡ್ಡಕ್ಷರಗಳಿಗೆ, ಮರಳಿದ ಮೇಲೆ.

ಈ ಸೂತ್ರವನ್ನು ಕನ್ನಡಕ್ಕೆ ನೇರವಾಗಿ ತರಲಾಗದು. ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕೇ ಬೇಕು. ಬಾಲ ಕತ್ತರಿಸುವ ಉಪಾಯ ಇಲ್ಲಿ ನಡೆಯದು. ಗೆರೆ ದಪ್ಪವಾದಂತೆ ‘ದ’ ಮತ್ತು ‘ಧ’ಗಳನ್ನು, ‘ಪ’ ಮತ್ತು ‘ಫ’ಗಳನ್ನು ಬೇರ್ಪಡಿಸುವ ಕಿರುಗುರುತು ಮಸಿಯಲ್ಲಿ ಮುಚ್ಚಿಹೋಗುವ ಅಪಾಯವೂ ಇದೆ. ಮುಂಬೈನ ಏಕ್ ಟೈಪ್ ತಂಡ ರೂಪಿಸಿದ ‘ಬಲೂ ತಮ್ಮ’ದಂಥ ದಪ್ಪ ಕನ್ನಡ ಫಾಂಟುಗಳನ್ನು ಇಂಪ್ಯಾಕ್ಟ್‌ನ ಪಕ್ಕದಲ್ಲಿಟ್ಟು ನೋಡಿದರೆ ಲಿಪಿಯ ದುಂಡುತನವನ್ನು ಉಳಿಸಿಕೊಂಡೇ ದಪ್ಪವಾಗುವ ಬೇರೊಂದು ದಾರಿ ಕಾಣುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪಠ್ಯವನ್ನು ಓದುತ್ತೇವೆ, ಅದು ತೊಟ್ಟ ಅಕ್ಷರವನ್ನು ಅಷ್ಟಾಗಿ ಗಮನಿಸುವುದಿಲ್ಲ. ಇಂಪ್ಯಾಕ್ಟ್ ಅನ್ನು ಒರಟು ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಒರಟುತನ ಒಂದು ಕಾಲದ ಗೋಡೆಗೆ, ಕಾಗದಕ್ಕೆ, ಮಸಿಗೆ ಕೊಟ್ಟ ಉತ್ತರ. ಅದೇ ಉತ್ತರ ಲೀ ಕಲ್ಪಿಸಿಯೂ ಇರದ ಇನ್ನೊಂದು ಪ್ರಶ್ನೆಗೆ ಮೂವತ್ತು ನಲವತ್ತು ವರ್ಷಗಳ ನಂತರ, ಅರ್ಧಕ್ಕರ್ಧವಷ್ಟೇ, ಹೊಂದಿಕೊಂಡಿತು.