ಗುಡ್ಡಕ್ಕೆ ಹೊಡೆದದ್ದು, ಬುಡಕ್ಕೆ ಇಳಿದದ್ದು

ನಮ್ಮ ಸಂಗೊಳ್ಳಿ ಕಡೆ ಕೀಟನಾಶಕಕ್ಕೆ ‘ಎಣ್ಣಿ’ ಅಂತೀವಿ. ಹತ್ತಿಗೆ ಎಣ್ಣಿ ಹೊಡೆದು ಮನೆಗೆ ಬಂದರೆ ಕೆಲಸ ಮುಗೀತು. ಹೊಡೆದ ಎಣ್ಣಿ ಆಮೇಲೆ ಎಲ್ಲಿಗೆ ಹೋಗ್ತದ? ಇದಕ್ಕೆ ಉತ್ತರ ಬೇಕಿದ್ದರೆ ಕಾಸರಗೋಡಿನ ಇತಿಹಾಸ ನೋಡಬೇಕು.

ಅಲ್ಲಿನ ಗುಡ್ಡಗಳ ಮೇಲೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಆ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕನ್ನಡ, ತುಳು ಮಾತಾಡುವ ಪಡ್ರೆಯಂಥ ಊರುಗಳ ಮನೆಗಳು ಇರುವುದು ಗುಡ್ಡದ ಕೆಳಗೆ. ಅವರಿಗೆ ನೀರು ತೋಡುಗಳಿಂದ, ಬಾವಿಗಳಿಂದ, ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳಿಂದ ಬರುತ್ತದೆ.

ಎಂಡೋಸಲ್ಫಾನ್ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಅಲ್ಲೇ ಇರಬೇಕಲ್ಲ ಅಂತ ನೀವು ಕೇಳಬಹುದು. ಆದರೆ ಮಣ್ಣೇ ಹರಿದು ಹೋದರೆ? ಮಳೆಗಾಲದಲ್ಲಿ ಇಳಿಜಾರಿನ ಮಣ್ಣು ಕೊಚ್ಚಿ ತೋಡಿಗೆ ಬೀಳುತ್ತದೆ, ಅದರ ಜೊತೆಗೆ ವಿಷವೂ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ. ಮೂಲದ್ದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಪಡ್ರೆಯ ಕರುಗಳು ಅಂಗ ಊನವಾಗಿ ಹುಟ್ಟುತ್ತಿದ್ದುದನ್ನು ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದಿದ್ದರು. ಜನರ ಕಾಯಿಲೆಗಳ ಲೆಕ್ಕ ಇಟ್ಟವರು ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಪರೀಕ್ಷೆ ಮಾಡಿದಾಗ ಅಲ್ಲಿನ ಮಣ್ಣು, ನೀರಿನಲ್ಲಷ್ಟೇ ಅಲ್ಲ, ಜನರ ರಕ್ತದಲ್ಲೂ ಎಂಡೋಸಲ್ಫಾನ್ ಸಿಕ್ಕಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ್ದೂ ಇದೇ ಕಥೆ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಆಗಲೂ ಕಾಸರಗೋಡಿನ ಗೋದಾಮುಗಳಲ್ಲಿ ಹಳೇ ಬ್ಯಾರೆಲ್‌ಗಳು ಉಳಿದಿದ್ದವು. ತುಕ್ಕು ಹಿಡಿದ ಬ್ಯಾರೆಲ್‌ಗಳಿಂದ ಅದನ್ನು ಹೊಸ ಡ್ರಮ್ಮಿಗೆ ತುಂಬಿಸಿದ್ದು 2012ರಲ್ಲಿ.

ನಮ್ಮದು ಎರಿ ಭೂಮಿ, ಗುಡ್ಡ ಅಲ್ಲ ಅಂತ ನಿಶ್ಚಿಂತೆಯಿಂದ ಕೂಡ್ರುವಂತಿಲ್ಲ. ಎರಿ ಮಣ್ಣು ವಿಷವನ್ನು ಗಟ್ಟಿ ಹಿಡಿದುಕೊಳ್ಳುತ್ತದೆ, ನಿಜ. ಆದರೆ ಬ್ಯಾಸಗಿಗೆ ಅದು ಮೊಳ ಮೊಳ ಬಿರಿಯುತ್ತದೆ. ಮೊದಲ ಮಳೆಯ ನೀರು ಮಣ್ಣಿನಲ್ಲಿ ಸೋಸಿಕೊಳ್ಳದೆ ಬಿರುಕಿನಿಂದ ನೇರ ಆಳಕ್ಕೆ ಇಳಿಯುತ್ತದೆ. ಮಳೆ ಜೋರಾದರೆ ಮೇಲ್ಮಣ್ಣು ಹಳ್ಳ ಹಿಡಿದು ಮಲಪ್ರಭೆಗೆ ಹೋಗುತ್ತದೆ. ಮುರಕಲ್ಲಿನಲ್ಲಿ ಒಂದು ದಾರಿ, ಎರಿಯಲ್ಲಿ ಇನ್ನೊಂದು. ಕೊನೆಗೆ ಎರಡೂ ಮುಟ್ಟುವುದು ಕುಡಿಯುವ ನೀರನ್ನೇ.

ಎಣ್ಣಿ ಪಂಪು ತೊಳೆಯುವಾಗಾದರೂ ಬಾವಿ, ಹಳ್ಳದಿಂದ ದೂರ ಇರೋಣ. ಹೊಲದ ಒಡ್ಡು ಒಡೆದಿದ್ದರೆ ಮಳೆಗಿಂತ ಮೊದಲು ಕಟ್ಟೋಣ.