ಚಲನಚಿತ್ರ ವಿಮರ್ಶೆ

ನೂತನವಾಗಿ ತೆರೆಕಂಡ ಚಿತ್ರವೊಂದರ ಗುಣದೋಷಗಳನ್ನು, ಕಥಾವಸ್ತು, ನಿರ್ದೇಶನ, ಅಭಿನಯ, ಛಾಯಾಗ್ರಹಣ, ಸಂಕಲನ, ಧ್ವನಿ ಮೊದಲಾದ ಅಂಗಗಳ ಪರಸ್ಪರ ಸಾಂಗತ್ಯವನ್ನು ಪರಿಶೀಲಿಸಿ ನಿರ್ಣಯಿಸುವ ಕಲಾಮೀಮಾಂಸೆಯ ಶಾಖೆ. ಕಥೆಯನ್ನು ಹೇಳಿ ಮುಗಿಸುವುದೇ ವಿಮರ್ಶೆಯೆಂಬ ಭ್ರಾಂತಿ ದಿನಪತ್ರಿಕೆಗಳನ್ನು ಇಂದಿಗೂ ಬಿಟ್ಟಿಲ್ಲ. ಚಿತ್ರವು ಏನನ್ನು ಹೇಳಿತೆಂಬುದಕ್ಕಿಂತ, ಅದನ್ನು ದೃಶ್ಯರೂಪದಲ್ಲಿ ಹೇಗೆ ಸಾಧಿಸಿತೆಂಬುದೇ ವಿಮರ್ಶಕನ ಮುಖ್ಯ ಪ್ರಶ್ನೆ. ಪ್ಯಾರಿಸ್ಸಿನಲ್ಲಿ 1951ರಲ್ಲಿ ಆರಂಭವಾದ ‘ಕಾಯೆ ದ್ಯು ಸಿನೆಮಾ’ ಪತ್ರಿಕೆಯಲ್ಲಿ, ಸಾಹಿತ್ಯಕೃತಿಗಳ ನಿಷ್ಪ್ರಾಣ ರೂಪಾಂತರಗಳನ್ನು ಖಂಡಿಸಿ ಫ್ರಾನ್ಸ್ವಾ ತ್ರುಫೋ 1954ರಲ್ಲಿ ಬರೆದ ಲೇಖನವು, ನಿರ್ದೇಶಕನನ್ನೇ ಚಿತ್ರದ ಕರ್ತೃವೆಂದು ಭಾವಿಸುವ ವಾದಕ್ಕೆ ನಾಂದಿಯಾಯಿತು. ಉಳಿದ ಕಲಾವಿದರ ಪಾಲನ್ನು ಮರೆಯಿಸಿದುದು ಮಾತ್ರ ಆ ವಾದದ ಸಲ್ಲದ ಅಂಶ.

ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ (1970) ಕನ್ನಡದಲ್ಲಿ, ದೃಶ್ಯರೂಪದಲ್ಲಿ ಹೇಗೆ ಸಾಧಿಸಿತೆಂಬ ಪರೀಕ್ಷೆಗೆ ತಕ್ಕ ನಿದರ್ಶನ. ಮೊದಲು ಸೆನ್ಸಾರಿನ ನಿಷೇಧಕ್ಕೊಳಗಾಗಿ, ತರುವಾಯ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆದ ಆ ಕೃತಿಯಲ್ಲಿ, ಗದ್ಯವು ನೇರವಾಗಿ ನುಡಿಯಬಲ್ಲ, ಕಥಾನಾಯಕ ಪ್ರಾಣೇಶಾಚಾರ್ಯರ ಅಂತರಂಗಮಂಥನವನ್ನು ಕ್ಯಾಮೆರಾ, ಆ ಪಾತ್ರವನ್ನು ವಹಿಸಿದ ಗಿರೀಶ ಕಾರ್ನಾಡರ ಮುಖದಲ್ಲಿಯೂ, ಛಾಯಾಗ್ರಾಹಕ ಟಾಮ್ ಕೋವನ್ ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದ ಅಗ್ರಹಾರದ ನೆಳಲುಬೆಳಕುಗಳಲ್ಲಿಯೂ ಅರಸಬೇಕಾಗಿತ್ತು. ಮೂಲಕ್ಕೆ ನಿಷ್ಠವಾಗಿದೆಯೇ ಎಂಬುದೊಂದನ್ನೇ ಕೇಳಿದ ವಿಮರ್ಶಕನು ಈ ಸಾಧನೆಯನ್ನು ಅಳೆಯಲಾರನು.